‘ತಾನೇ ಬಿದ್ದ’ ಅಂತ ಬರೆದುಬಿಟ್ಟಿದ್ದಾರೆ, ಇನ್ನು ಪರಿಹಾರ ಕೇಳಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಬೆಂಗಳೂರಿನಲ್ಲಿ ಎಲೆಕ್ಟ್ರಿಷಿಯನ್, ತಿಂಗಳಿಗೆ ಸುಮಾರು 18 ಸಾವಿರ ದುಡಿಯುತ್ತಾನೆ. ಐದು ವಾರದ ಹಿಂದೆ ರಾತ್ರಿ ಒಂಬತ್ತೂವರೆಗೆ ಕೆಲಸ ಮುಗಿಸಿ ತನ್ನ ಸ್ಕೂಟರ್‌ನಲ್ಲಿ ಮನೆಗೆ ಬರುತ್ತಿದ್ದ. ಮಳೆ ಆಗಷ್ಟೇ ನಿಂತಿತ್ತು. ಪೈಪ್ ಹಾಕೋಕೆ ರಸ್ತೆಗೆ ಅಡ್ಡವಾಗಿ ಅಗೆದ ಗುಂಡಿಯಲ್ಲಿ ನೀರು ತುಂಬಿ, ಗುಂಡಿ ಯಾವುದು ರಸ್ತೆ ಯಾವುದು ಗೊತ್ತಾಗುತ್ತಿರಲಿಲ್ಲ. ಬ್ಯಾರಿಕೇಡ್ ಇಲ್ಲ, ದೀಪ ಇಲ್ಲ. ಬಿದ್ದು ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ, ರಾಡ್ ಹಾಕಿದ್ದಾರೆ. ಇಲ್ಲಿಯವರೆಗೆ 3 ಲಕ್ಷ 40 ಸಾವಿರ ಖರ್ಚಾಗಿದೆ. ಆಸ್ಪತ್ರೆಯಲ್ಲಿ ‘ಬೈಕಿನಿಂದ ತಾನೇ ಬಿದ್ದಿದ್ದು’ ಅಂತ ಬರೆದಿದ್ದಾರೆ. ಪೊಲೀಸರು ‘ಬೇರೆ ಗಾಡಿ ತಾಗಿಲ್ಲವಲ್ಲಮ್ಮ, ಯಾರ ಮೇಲೆ ಕೇಸ್ ಹಾಕೋದು’ ಅಂದರು. ಸ್ಕೂಟರ್‌ಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇದೆ. ಮನೆಯಲ್ಲಿ ಎಲ್ಲರೂ ಗ್ರಹಚಾರ ಅಂತಿದ್ದಾರೆ. ನಿಜಕ್ಕೂ ಏನೂ ಮಾಡೋಕೆ ಆಗಲ್ವಾ?

ಉತ್ತರ: ಆಗುತ್ತದೆ. ಆದರೆ ಎಲ್ಲರೂ ಹೆಸರು ಹೇಳುವ ಆಕ್ಸಿಡೆಂಟ್ ಕೋರ್ಟಿನಲ್ಲಿ ಅಲ್ಲ. ಅದ್ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಈ ವಾರದ ಕೆಲಸ. ಕಾನೂನು ಎಲ್ಲಿಗೂ ಓಡಿಹೋಗುವುದಿಲ್ಲ, ಸಾಕ್ಷಿ ಮಾತ್ರ ದಿನಾ ಒಂದಿಷ್ಟು ಕರಗುತ್ತಲೇ ಇರುತ್ತದೆ.

ಐದು ವಾರ ಆಗಿದೆ ಅಂದರೆ ಗುಂಡಿ ಮುಚ್ಚಿರುತ್ತಾರೆ. ಪರವಾಗಿಲ್ಲ. ಹಳೇ ಡಾಂಬರಿನ ಮಧ್ಯೆ ಹೊಸ ಜಲ್ಲಿಯದೋ ಕಾಂಕ್ರೀಟಿನದೋ ಪಟ್ಟಿ ಇನ್ನೂ ಬೇರೆಯಾಗಿಯೇ ಕಾಣುತ್ತಿರುತ್ತದೆ. ಅದರ ಮೇಲೆ ಅಳತೆ ಟೇಪ್ ಹಾಸಿ ಫೋಟೋ ತೆಗೆಯಿರಿ. ಎಷ್ಟು ಅಗಲ ಇತ್ತು, ರಸ್ತೆಯ ಎಷ್ಟು ಪಾಲು ತಿಂದಿತ್ತು ಅನ್ನೋದು ಅದರಲ್ಲಿ ಬರಬೇಕು. ಆಮೇಲೆ ರಾತ್ರಿ ಒಂಬತ್ತೂವರೆಗೇ ಇನ್ನೊಮ್ಮೆ ಹೋಗಿ. ಅವನು ಬಂದ ದಿಕ್ಕಿನಲ್ಲೇ ಮೂವತ್ತು ಹೆಜ್ಜೆ ಹಿಂದೆ ನಿಂತು, ಸ್ಕೂಟರ್ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ ಫೋನ್ ಹಿಡಿದು ತೆಗೆಯಿರಿ. ಬೀದಿದೀಪ ಎಷ್ಟು ದೂರ, ಅದು ಉರಿಯುತ್ತಾ ಇಲ್ವಾ ಅನ್ನೋದು ಕಾಣಲಿ. ಗುಂಡಿಯ ಹಗಲಿನ ಫೋಟೋ ಒಂದೇ ಇದ್ದರೆ ನೋಡಿದವರಿಗೆಲ್ಲ ‘ಇಷ್ಟು ದೊಡ್ಡದು ಕಾಣಲಿಲ್ವಾ’ ಅನಿಸುತ್ತದೆ.

ಗುಂಡಿ ಬಾಯಿ ತೆರೆದಿದ್ದಾಗಿನ ಫೋಟೋ ಅಕ್ಕಪಕ್ಕದವರ ಹತ್ತಿರ ಇದ್ದೇ ಇರುತ್ತದೆ. ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ಬೈದುಕೊಂಡು ಹಾಕಿರುತ್ತಾರೆ. ಅದನ್ನು ಫಾರ್ವರ್ಡ್ ಮಾಡಿಸಿಕೊಂಡು ಸುಮ್ಮನಾಗಬೇಡಿ, ಫಾರ್ವರ್ಡ್ ಆದ ಫೋಟೋದಲ್ಲಿ ತೆಗೆದ ದಿನ, ಹೊತ್ತಿನ ವಿವರ ಉಳಿಯುವುದಿಲ್ಲ. ತೆಗೆದವರನ್ನೇ ಹುಡುಕಿ, ಅವರ ಫೋನಿನಿಂದ ಮೂಲ ಫೈಲ್ ಪಡೆಯಿರಿ. ಮುಂದೆ ಅವರು, ಫೋಟೋ ತಮ್ಮ ಫೋನಿನದೇ ಅಂತ ಹೇಳುವ ಒಂದು ಸರ್ಟಿಫಿಕೇಟ್‌ಗೆ ಸಹಿ ಹಾಕಬೇಕಾಗುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಅದನ್ನು ಕೇಳುತ್ತದೆ. ಅಂಗಡಿಗಳ ಸಿಸಿ ಕ್ಯಾಮೆರಾದಲ್ಲಿ ಹಳೆಯದರ ಮೇಲೆ ಹೊಸದು ಕೂರುತ್ತಾ ಹೋಗುತ್ತದೆ, ಐದು ವಾರದ ಹಿಂದಿನದು ಸಿಗೋದು ಕಷ್ಟ. ಆದರೂ ಒಂದು ಸಲ ಕೇಳಿ. ಅವತ್ತು ಅವನನ್ನು ಎತ್ತಿದವರು, ಆಟೋ ಹತ್ತಿಸಿದವರು ಯಾರು ಅಂತ ಹುಡುಕಿ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಸ್ಕೂಟರ್ ರಿಪೇರಿ ಮಾಡಿಸಿಲ್ಲ ತಾನೇ? ಮಾಡಿಸಿಲ್ಲದಿದ್ದರೆ ಹಾಗೇ ಇರಲಿ.

ಈಗ ಆಸ್ಪತ್ರೆಯ ಮಾತು. ರಾತ್ರಿ ಹತ್ತು ಗಂಟೆಯ ಕ್ಯಾಶುವಾಲ್ಟಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಡ್ಯೂಟಿ ಡಾಕ್ಟರ್ ಕಾಲು ನೋಡುತ್ತಲೇ ‘ಏನಾಯ್ತು’ ಅಂತಾರೆ. ಕರೆತಂದವನು ಗಾಬರಿಯಲ್ಲಿ ‘ಬೈಕಿಂದ ಬಿದ್ದ ಸಾರ್’ ಅಂತಾನೆ. ಅವರು ‘ತಾನೇ ಬಿದ್ದಿದ್ದು’ ಅಂತ ಬರೆದು ಎಕ್ಸ್‌ರೇಗೆ ಕಳಿಸುತ್ತಾರೆ. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಬರೆದದ್ದು ಸುಳ್ಳೂ ಅಲ್ಲ, ಅರ್ಧ ಸತ್ಯ. ಬಿದ್ದದ್ದು ತಾನೇ, ಬೀಳಿಸಿದ್ದು ಗುಂಡಿ. ಡಾಕ್ಟರ್ ಸ್ಥಳದಲ್ಲಿ ಇರಲಿಲ್ಲ, ಕೇಳಿದ್ದನ್ನು ಬರೆದುಕೊಂಡರು ಅನ್ನೋದು ಕೋರ್ಟಿಗೂ ಗೊತ್ತು. ಹಾಗಾಗಿ ಆ ಒಂದು ಸಾಲಿನಿಂದ ಕೇಸ್ ಸಾಯುವುದಿಲ್ಲ. ಅದನ್ನು ತಿದ್ದಿಸಲು ಮಾತ್ರ ಹೋಗಬೇಡಿ. ತಿದ್ದಿದ ಗುರುತಿರುವ ಕೇಸ್ ಶೀಟ್‌ಗಿಂತ ಎದುರು ವಕೀಲರಿಗೆ ಖುಷಿ ಕೊಡುವ ವಸ್ತು ಬೇರೆ ಇಲ್ಲ. ಬದಲಿಗೆ, ಗುಂಡಿಯ ವಿಷಯ ವಿವರಿಸಿ ನಿಮ್ಮ ತಮ್ಮನೇ ಸಹಿ ಹಾಕಿದ ಪತ್ರವನ್ನು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಜೊತೆಗೆ ಪೂರ್ತಿ ಕೇಸ್ ಶೀಟ್, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ಆಸ್ಪತ್ರೆ ದಾಖಲಿಸಿದ) ನಂಬರ್, ಎಕ್ಸ್‌ರೇ ಫಿಲ್ಮ್‌ಗಳು, ಡಿಸ್ಚಾರ್ಜ್ ಸಮ್ಮರಿ, ಎಲ್ಲ ಬಿಲ್‌ಗಳ ಮೂಲಪ್ರತಿ ತೆಗೆದುಕೊಳ್ಳಿ. ಆಟೋಗೆ ಕೊಟ್ಟ ದುಡ್ಡಿಗೆ ಬಿಲ್ ಇರುವುದಿಲ್ಲ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯುತ್ತಾ ಹೋಗಿ.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಈ ಹೊತ್ತಿಗೆ ಯಾರಾದರೂ ನಿಮ್ಮ ಕಿವಿಗೆ ಹಾಕಿರಬಹುದು. ‘ಒಂದು ಗಾಡಿ ಹಾಕೋಣ, ಇನ್ಶೂರೆನ್ಸ್ ಇರೋ ಗಾಡಿ ಗುದ್ದಿತು ಅಂತ ಬರೆಸೋಣ, ಬಂದದ್ದರಲ್ಲಿ ನನಗಿಷ್ಟು’ ಅನ್ನುವ ಏಜೆಂಟರು ಇದ್ದಾರೆ. ಆಸ್ಪತ್ರೆ ಬಾಗಿಲಲ್ಲೂ ಇರುತ್ತಾರೆ, ಸ್ಟೇಷನ್ ಬಾಗಿಲಲ್ಲೂ ಇರುತ್ತಾರೆ. ದಯವಿಟ್ಟು ಅವರನ್ನು ಮನೆಗೆ ಸೇರಿಸಬೇಡಿ. ಇನ್ಶೂರೆನ್ಸ್ ಕಂಪನಿಗಳು ಇಂಥ ಕೇಸುಗಳಿಗೆ ತನಿಖೆಯವರನ್ನು ಇಟ್ಟಿರುತ್ತವೆ. ಅವರು ಮೊದಲು ತರಿಸುವುದೇ ಆಸ್ಪತ್ರೆಯ ಆ ಮೊದಲ ಸಾಲನ್ನು. ‘ತಾನೇ ಬಿದ್ದ’ ಅಂತ ಅವತ್ತು, ‘ಕಾರು ಗುದ್ದಿತು’ ಅಂತ ಇಪ್ಪತ್ತು ದಿನ ಆದ ಮೇಲೆ. ಅಷ್ಟು ಸಾಕು, ಪರಿಹಾರ ಕೇಳೋಕೆ ಹೋದವನ ಮೇಲೇ ವಂಚನೆ ಕೇಸ್ ಬೀಳುತ್ತದೆ. ನಿಮ್ಮ ಹತ್ತಿರ ಇರುವ ನಿಜವೇ ಗಟ್ಟಿ ಇದೆ, ಸುಳ್ಳು ಯಾಕೆ ಬೇಕು?

ಆಕ್ಸಿಡೆಂಟ್ ಕೋರ್ಟ್ ಯಾಕಲ್ಲ ಅಂದರೆ, ಅಲ್ಲಿ ಕೇಳುವ ಪರಿಹಾರ ಗಾಡಿಯ ಮಾಲೀಕ, ಚಾಲಕ, ಆ ಗಾಡಿಯ ಇನ್ಶೂರೆನ್ಸ್ ಕಂಪನಿ ಇವರ ಮೇಲೆ. ನಿಮ್ಮ ಕೇಸಿನಲ್ಲಿ ಇರುವುದು ಒಂದೇ ಗಾಡಿ. ಅದರ ಮಾಲೀಕನೂ ಅವನೇ, ಓಡಿಸಿದವನೂ ಅವನೇ. ಥರ್ಡ್ ಪಾರ್ಟಿ ಅಂದರೆ ಮೂರನೆಯವರು, ತನ್ನ ಗಾಡಿಗೆ ತಾನೇ ಮೂರನೆಯವನಾಗಲು ಬರುವುದಿಲ್ಲ. ಪಾಲಿಸಿ ಕಾಗದ ತೆಗೆದು ನೋಡಿ, ಅದರಲ್ಲಿ ಮಾಲೀಕ-ಚಾಲಕನಿಗೆ 15 ಲಕ್ಷದ ಅಪಘಾತ ವಿಮೆ ಅಂತ ಒಂದು ಸಾಲು ಇರಬಹುದು. ಅದನ್ನು ನೋಡಿ ಆಸೆ ಪಡಬೇಡಿ. ಅದು ಸಾವಿಗೆ, ಕೈಕಾಲು ಅಥವಾ ಕಣ್ಣು ಹೋದದ್ದಕ್ಕೆ, ಶಾಶ್ವತವಾಗಿ ಏನೂ ಮಾಡಲಾಗದ ಸ್ಥಿತಿಗೆ. ಮುರಿದು ಕೂಡಿಕೊಂಡ ಕಾಲಿಗೆ ಅದರಲ್ಲಿ ಏನೂ ಇಲ್ಲ.

ಒಂದು ವಿಷಯ ನೀವು ಬರೆದಿಲ್ಲ. ಅವನು ಯಾರದಾದರೂ ಕೈಕೆಳಗೆ ಕೆಲಸಕ್ಕಿದ್ದಾನಾ, ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಕಟ್ಟಾಗುತ್ತಾ? ಕೆಲಸ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಆದ ಅಪಘಾತವನ್ನೂ ಇಎಸ್‌ಐ ಕೆಲಸದ ಗಾಯ ಅಂತಲೇ ಒಪ್ಪುತ್ತದೆ. ದುಡಿಯಲಾಗದ ದಿನಗಳಿಗೆ ಸಂಬಳದ ಶೇಕಡ 90ರ ಲೆಕ್ಕದಲ್ಲಿ ದುಡ್ಡು ಬರುತ್ತದೆ. ಇಲ್ಲಿ ಯಾರ ತಪ್ಪು ಅಂತ ಯಾರೂ ಕೇಳುವುದಿಲ್ಲ. ಇಎಸ್‌ಐ ಇಲ್ಲದೆ ಮಾಲೀಕರು ಮಾತ್ರ ಇದ್ದರೂ ದಾರಿ ಇದೆ. ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತ ಕೆಲಸಕ್ಕೆ ಸಂಬಂಧಪಟ್ಟದ್ದೇ ಆಗಬಹುದು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕರ ಪರಿಹಾರದ ಕಾಯ್ದೆಗೂ ಹೇಳಿದೆ. ಸ್ವಂತ ಕೆಲಸ ಮಾಡಿಕೊಂಡವನಾಗಿದ್ದರೆ ಈ ಪ್ಯಾರಾ ಮರೆತುಬಿಡಿ.

ಈಗ ಮುಖ್ಯ ಪ್ರಶ್ನೆ. ಗುಂಡಿ ಯಾರದು?

ನಮ್ಮಲ್ಲಿ ಅಪಘಾತ ಆದ ಕೂಡಲೇ ಕೇಳುವುದು ‘ಯಾರ ತಪ್ಪು’ ಅಂತ. ನಾನು ಕಕ್ಷಿದಾರರಿಗೆ ಹೇಳುವುದು, ‘ಅದನ್ನು ನೋಡಿಕೊಳ್ಳೋದು ಯಾರ ಕೆಲಸ ಆಗಿತ್ತು’ ಅಂತ ಕೇಳಿ. ತಪ್ಪು ಯಾರದು ಅಂದರೆ ಮಳೆಯದು, ಕತ್ತಲೆಯದು, ಗ್ರಹಚಾರದ್ದು ಅಂತ ಮಾತು ಎಲ್ಲೆಲ್ಲೋ ಹೋಗುತ್ತದೆ. ಕೆಲಸ ಯಾರದು ಅಂದರೆ ಒಂದು ಹೆಸರು, ಒಂದು ವರ್ಕ್ ಆರ್ಡರ್ ನಂಬರ್ ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲಿ ರಸ್ತೆ ಅಗೆಯುವವರು ಒಬ್ಬರಲ್ಲ. ನೀರಿನವರು, ಒಳಚರಂಡಿಯವರು, ಕರೆಂಟಿನವರು, ಗ್ಯಾಸಿನವರು, ಕೇಬಲ್‌ನವರು ಎಲ್ಲ ಅಗೆಯುತ್ತಾರೆ. ಅಗೆಯುವ ಮೊದಲು ರಸ್ತೆ ಯಾರದೋ ಅವರ ಅನುಮತಿ ಪಡೆಯಬೇಕು, ಅದಕ್ಕೆ ಆನ್‌ಲೈನ್ ವ್ಯವಸ್ಥೆಯೇ ಇದೆ. ಅಂದರೆ ಪ್ರತಿ ಗುಂಡಿಗೂ ಮೂವರು ಅಪ್ಪಂದಿರು. ಕೆಲಸ ಕೊಟ್ಟ ಸಂಸ್ಥೆ, ಅಗೆದ ಕಂಟ್ರಾಕ್ಟರ್, ಅನುಮತಿ ಕೊಟ್ಟ ಪಾಲಿಕೆ. ಕೇಳಿದರೆ ಎತ್ತು ಏರಿಗೆಳೆಯುತ್ತೆ, ಕೋಣ ನೀರಿಗೆಳೆಯುತ್ತೆ. ನೀವು ಅದರ ನಡುವೆ ತಲೆ ಹಾಕಬೇಡಿ. ಮೂವರನ್ನೂ ಕೇಸಿನಲ್ಲಿ ಪಾರ್ಟಿ ಮಾಡಿ, ಅವರವರ ಪಾಲು ಅವರವರೇ ಹಂಚಿಕೊಳ್ಳಲಿ.

ಹೆಸರು ಗೊತ್ತಾಗಲು ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಗರ ಈಗ ಐದು ಪಾಲಿಕೆಗಳಾಗಿ ಒಡೆದಿದೆ. ಆ ರಸ್ತೆ ಯಾವುದಕ್ಕೆ ಸೇರಿತು ಅಂತ ಮೊದಲು ನೋಡಿಕೊಂಡು ಅಲ್ಲಿಗೆ ಒಂದು, ಪೈಪ್ ಹಾಕಿಸಿದ ಸಂಸ್ಥೆಗೆ ಒಂದು. ‘ಗುಂಡಿ ಯಾಕೆ ಮುಚ್ಚಲಿಲ್ಲ’ ಅಂತ ಜಗಳ ಕೇಳಬೇಡಿ, ಜಗಳಕ್ಕೆ ಆರ್‌ಟಿಐನಲ್ಲಿ ಉತ್ತರ ಇಲ್ಲ. ಕಾಗದ ಕೇಳಿ. ಇಂಥ ರಸ್ತೆಯಲ್ಲಿ, ಇಂಥ ಅಂಗಡಿಯಿಂದ ಇಂಥ ತಿರುವಿನವರೆಗೆ, ಇಂಥ ತಿಂಗಳಲ್ಲಿ ರಸ್ತೆ ಅಗೆಯಲು ಕೊಟ್ಟ ಅನುಮತಿ ಪತ್ರದ ನಕಲು, ಅದರ ಷರತ್ತುಗಳು, ವರ್ಕ್ ಆರ್ಡರ್, ಉಸ್ತುವಾರಿ ಎಂಜಿನಿಯರ್ ಯಾರು, ಕೆಲಸ ಶುರುವಾದ ಮತ್ತು ಮುಗಿದ ದಿನ, ರಸ್ತೆ ಸರಿಮಾಡಿದ ದಿನ. ಕೊನೆಯಲ್ಲಿ ಮರೆಯದೆ ಇನ್ನೊಂದು: ಆ ಕೆಲಸದ ಎಂಬಿ, ಅಂದರೆ ಆದ ಕೆಲಸವನ್ನು ಅಳೆದು ಬಿಲ್‌ಗಾಗಿ ಬರೆದಿಡುವ ಅಳತೆ ಪುಸ್ತಕದ ಪುಟಗಳ ನಕಲು.

ಎಂಬಿ ಯಾಕೆ ಅಂತ ಒಂದು ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಿಮ್ಮದೇ ಥರದ ಕೇಸ್. ಎದುರಿನವರು ಕೋರ್ಟಿಗೆ ಒಂದು ಫೋಟೋ ತಂದರು, ಗುಂಡಿಯ ಸುತ್ತ ಚಂದದ ಕೆಂಪು-ಬಿಳಿ ಬ್ಯಾರಿಕೇಡ್. ಅಪಘಾತದ ದಿನ ಬೆಳಿಗ್ಗೆ ತೆಗೆದದ್ದು ಅಂದರು. ನನ್ನ ಜೂನಿಯರ್ ಹುಡುಗಿ ಆ ಫೋಟೋವನ್ನು ಬಹಳ ಹೊತ್ತು ನೋಡಿ, ‘ಸಾರ್, ಮಣ್ಣು ನೋಡಿ’ ಅಂದಳು. ಮೂರು ದಿನ ಮಳೆ ಹೊಡೆದ ಜಾಗ ಅದು. ಪಕ್ಕದ ಗೋಡೆಗೆ ಸೊಂಟದವರೆಗೆ ಕೆಸರು ಸಿಡಿದಿತ್ತು, ನಿಂತಿದ್ದ ಆಟೋದ ಬಾಗಿಲಿಗೂ ಸಿಡಿದಿತ್ತು. ಬ್ಯಾರಿಕೇಡ್ ಮೇಲೆ ಒಂದು ಹನಿ ಇರಲಿಲ್ಲ. ಪಾಟೀಸವಾಲಿನಲ್ಲಿ ಸೈಟ್ ಎಂಜಿನಿಯರ್‌ಗೆ ಅದನ್ನೇ ತೋರಿಸಿದೆವು. ಆಮೇಲೆ ಎಂಬಿ ಪುಟ ತೆರೆದೆವು. ಬ್ಯಾರಿಕೇಡ್, ರಿಫ್ಲೆಕ್ಟರ್, ರಾತ್ರಿ ದೀಪ, ಮೂರಕ್ಕೂ ಕೆಲಸ ಶುರುವಾದ ದಿನದಿಂದ ಬಿಲ್ ಆಗಿತ್ತು. ದುಡ್ಡು ಬಂದಿದೆ, ಸಾಮಾನು ಬಂದಿಲ್ಲ. ಅಲ್ಲಿಂದ ಮುಂದೆ ‘ನಮ್ಮ ಜವಾಬ್ದಾರಿ ಅಲ್ಲ’ ಅನ್ನುವ ಮಾತನ್ನು ಅವರು ಎತ್ತಲೇ ಇಲ್ಲ.

ರಸ್ತೆ ಕೆಲಸ ನಡೆಯುವಲ್ಲಿ ಏನೇನು ಇರಬೇಕು ಅನ್ನೋದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 55 ಅನ್ನುವ ಮಾರ್ಗಸೂಚಿಯೇ ಇದೆ. ದೂರದಿಂದಲೇ ಎಚ್ಚರಿಕೆ ಫಲಕ, ಸುತ್ತ ಬ್ಯಾರಿಕೇಡ್, ರಾತ್ರಿ ಹೊಳೆಯುವ ಪಟ್ಟಿ, ದೀಪ. ಇದರಲ್ಲಿ ಯಾವುದೂ ರಾಕೆಟ್ ವಿಜ್ಞಾನ ಅಲ್ಲ, ಒಬ್ಬ ಕೂಲಿಯ ಅರ್ಧ ದಿನದ ಕೆಲಸ.

ಕೋರ್ಟುಗಳು ಇಂಥದ್ದನ್ನು ಹೇಗೆ ನೋಡಿವೆ? ನಿಮಗೆ ಅನುಕೂಲದ್ದೂ ಇದೆ, ಅನನುಕೂಲದ್ದೂ ಇದೆ. ಎರಡನ್ನೂ ಹೇಳದ ವಕೀಲರನ್ನು ನಂಬಬೇಡಿ. ದೆಹಲಿಯ ಚಾಂದನಿ ಚೌಕದಲ್ಲಿ ಗಡಿಯಾರದ ಗೋಪುರ ಕುಸಿದು ಜನ ಸತ್ತ ಕೇಸಿನಲ್ಲಿ 1966ರಲ್ಲಿ ಸುಪ್ರೀಂ ಕೋರ್ಟ್ ಪಾಲಿಕೆಯನ್ನೇ ಹೊಣೆ ಮಾಡಿತು. ನಲವತ್ತು ನಲವತ್ತೈದು ವರ್ಷ ಬಾಳುವ ಗಾರೆಯ ಕಟ್ಟಡ ಎಂಬತ್ತು ವರ್ಷ ನಿಂತಿತ್ತು, ಒಮ್ಮೆಯಾದರೂ ಸರಿಯಾಗಿ ನೋಡಬೇಕಿತ್ತಲ್ವಾ ಅನ್ನೋದು ಅದರ ತಾತ್ಪರ್ಯ. ಗೋಪುರ ಸುಮ್ನೆ ಬೀಳುವುದಿಲ್ಲ, ಬಿತ್ತು ಅಂದರೆ ನೋಡಿಕೊಳ್ಳಲಿಲ್ಲ ಅಂತಲೇ ಅರ್ಥ. ನಿಮ್ಮ ಕೇಸಿಗೆ ಇನ್ನೂ ಹತ್ತಿರದ್ದು 2002ರದ್ದು, ಮಧ್ಯಪ್ರದೇಶದ್ದು. ಫ್ಯಾಕ್ಟರಿ ಮುಗಿಸಿ ರಾತ್ರಿ ಸೈಕಲ್‌ನಲ್ಲಿ ಮನೆಗೆ ಬರುತ್ತಿದ್ದ ಕಾರ್ಮಿಕ, ಮಳೆ ನೀರು ನಿಂತ ರಸ್ತೆ, ನೀರಿನ ಕೆಳಗೆ ಕರೆಂಟಿನ ತಂತಿ. ಯಾರೋ ಕದ್ದು ಕರೆಂಟ್ ಎಳೆದಿದ್ದರು, ನಮ್ಮ ತಪ್ಪಲ್ಲ ಅಂತ ವಿದ್ಯುತ್ ಮಂಡಳಿ ವಾದಿಸಿತು. ಅಪಾಯದ ವಸ್ತು ಇಟ್ಟುಕೊಂಡವರು ನೀವು, ಹೊಣೆಯೂ ನಿಮ್ಮದೇ ಅಂದಿತು ಸುಪ್ರೀಂ ಕೋರ್ಟ್. ಕರೆಂಟಿಗೂ ಗುಂಡಿಗೂ ವ್ಯತ್ಯಾಸ ಇದೆ. ಕರೆಂಟಿನ ಕೇಸಿನಲ್ಲಿ ಅಜಾಗರೂಕತೆ ತೋರಿಸುವ ಅಗತ್ಯವೇ ಇಲ್ಲ, ಗುಂಡಿಯ ಕೇಸಿನಲ್ಲಿ ತೋರಿಸಬೇಕು. ಆದರೆ ‘ನೀರು ಮುಚ್ಚಿದ ಅಪಾಯ ಸವಾರನಿಗೆ ಕಾಣದು’ ಅನ್ನೋದು ಎರಡರಲ್ಲೂ ಒಂದೇ.

ಇನ್ನು ಅನನುಕೂಲದ್ದು. ರಾಜಕೋಟ್‌ನಲ್ಲಿ ರಸ್ತೆ ಬದಿಯ ಮರ ಬಿದ್ದು ಆಫೀಸಿಗೆ ನಡೆದು ಹೋಗುತ್ತಿದ್ದವರೊಬ್ಬರು ಸತ್ತರು. ಪಾಲಿಕೆ ಹೊಣೆಯಲ್ಲ ಅಂತ 1997ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತರಲ್ಲ, ಅದರ ಪರಿಹಾರದ ತೀರ್ಪಿನಲ್ಲೂ 2011ರಲ್ಲಿ ಚಿತ್ರಮಂದಿರದವರೂ ವಿದ್ಯುತ್ ಸಂಸ್ಥೆಯೂ ಕಟ್ಟಬೇಕಾಯಿತು, ಲೈಸೆನ್ಸ್ ಕೊಟ್ಟವರು ಮತ್ತು ಪಾಲಿಕೆ ಹೊರಗುಳಿದರು. ಇದರಿಂದ ನಾನು ಕಲಿತದ್ದು ಇಷ್ಟೇ. ಅನುಮತಿ ಕೊಟ್ಟವರನ್ನು ಹಿಡಿಯುವುದು ಕಷ್ಟ, ಸ್ವತಃ ಅಪಾಯ ತಂದಿಟ್ಟವರನ್ನು ಹಿಡಿಯುವುದು ಸುಲಭ. ಮರ ತಾನೇ ಬೆಳೆಯಿತು, ಗುಂಡಿಯನ್ನು ಯಾರೋ ಕೈಯಾರೆ ಅಗೆದರು. ಹಾಗಾಗಿ ಮೂವರನ್ನು ಪಾರ್ಟಿ ಮಾಡಿದರೂ ನಿಮ್ಮ ವಕೀಲರ ಬಾಣ ಅಗೆದವರ ಮೇಲೇ ಇರಲಿ. ಪಾಲಿಕೆಯ ವಿಷಯಕ್ಕೆ, ಕೆಟ್ಟ ರಸ್ತೆಯಿಂದ ಗಾಯಗೊಂಡವರು ಪರಿಹಾರ ಕೇಳಬಹುದು ಅಂತ ನಮ್ಮ ಹೈಕೋರ್ಟ್ 2019ರಲ್ಲೇ ಮಧ್ಯಂತರ ಆದೇಶದಲ್ಲಿ ಹೇಳಿದೆ, ಅದನ್ನೂ ಹಿಡಿದುಕೊಳ್ಳಿ.

ಪೊಲೀಸರಿಗೆ ಬರೆದು ಕೊಡಿ. ಬಾಯಲ್ಲಿ ಹೇಳಿದ್ದಕ್ಕೆ ಬಾಯಲ್ಲೇ ಉತ್ತರ ಬರುತ್ತದೆ. ದೂರಿನಲ್ಲಿ ಗಾಡಿಯ ಮಾತು ಕಡಿಮೆ ಇರಲಿ, ಗುಂಡಿಯ ಮಾತು ಜಾಸ್ತಿ ಇರಲಿ. ಬೇರೆಯವರ ಜೀವಕ್ಕೆ ಅಪಾಯ ಆಗುವಂತೆ ನಡೆದುಕೊಂಡು ತೀವ್ರ ಗಾಯ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗದಲ್ಲಿ ಬಂದ ಕಾನೂನು) ಸೆಕ್ಷನ್ 125, ಸಾರ್ವಜನಿಕ ದಾರಿಯಲ್ಲಿ ಅಪಾಯ ಒಡ್ಡಿದ್ದಕ್ಕೆ 285. ಹೀಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಸುಮ್ನೆ ‘ಆಕ್ಸಿಡೆಂಟ್ ಆಯ್ತು’ ಅಂತ ಬರೆದುಕೊಟ್ಟರೆ ಕೆಲವೊಮ್ಮೆ ಬಿದ್ದವನ ಮೇಲೇ ಅಜಾಗರೂಕ ಚಾಲನೆ ಅಂತ ಎಫ್‌ಐಆರ್ ಆಗುತ್ತದೆ. ಗಾಯದ ಮೇಲೆ ಬರೆ. ಸ್ಟೇಷನ್‌ನಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಡಿಸಿಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 198ಎ ಅಂತ ಒಂದಿದೆ, ರಸ್ತೆ ಸುರಕ್ಷತೆಯ ಮಾನದಂಡ ಪಾಲಿಸದ ಕಂಟ್ರಾಕ್ಟರ್‌ಗೆ 1 ಲಕ್ಷದವರೆಗೆ ದಂಡ. ಕೇಳಲು ಚೆನ್ನಾಗಿದೆ. ಆದರೆ ಆ ದಂಡ ಸರ್ಕಾರದ ನಿಧಿಗೆ ಹೋಗುತ್ತದೆ, ನಿಮ್ಮ ಮನೆಗಲ್ಲ.

ದುಡ್ಡಿಗೆ ಹೋಗಬೇಕಾದ ಜಾಗ ಎರಡು. ಒಂದು ಸಿಟಿ ಸಿವಿಲ್ ಕೋರ್ಟ್, ನಷ್ಟ ಪರಿಹಾರದ ದಾವೆ. ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು, ವರ್ಷಗಟ್ಟಲೆ ಹಿಡಿಯುತ್ತದೆ. ಇನ್ನೊಂದು ಜನರಿಗೆ ಅಷ್ಟಾಗಿ ಗೊತ್ತಿಲ್ಲದ್ದು, ಶಾಶ್ವತ ಲೋಕ ಅದಾಲತ್. ಆಗಾಗ ನಡೆಯುವ ಲೋಕ ಅದಾಲತ್ ಅಲ್ಲ, ಇದು ಬೇರೆ. ನೀರು, ಕರೆಂಟು, ಒಳಚರಂಡಿಯಂಥ ಸೇವೆಗಳ ವ್ಯಾಜ್ಯಕ್ಕೆ ಇರುವುದು. ಕೋರ್ಟ್ ಫೀ ಇಲ್ಲ. ಮೊದಲು ರಾಜಿ ಮಾಡಿಸಲು ನೋಡುತ್ತಾರೆ, ಆಗದಿದ್ದರೆ ಅವರೇ ತೀರ್ಮಾನ ಕೊಡಬಹುದು. ನೀರಿನ ಅಥವಾ ಒಳಚರಂಡಿಯ ಪೈಪಿಗೆ ಅಗೆದದ್ದಾದರೆ ನಾನಾಗಿದ್ದರೆ ಮೊದಲು ಇಲ್ಲಿಗೆ ಹೋಗುತ್ತಿದ್ದೆ. ಎದುರಿನವರು ‘ಇದು ಇಲ್ಲಿಗೆ ಬರುವ ವಿಷಯ ಅಲ್ಲ’ ಅಂತ ತಕರಾರು ಎತ್ತಬಹುದು, ಅದಕ್ಕೆ ಸಿದ್ಧವಾಗಿರಿ. ಒಂದು ಷರತ್ತು, ಕೋರ್ಟಿಗೆ ಹೋದ ಮೇಲೆ ಇಲ್ಲಿಗೆ ಬರಲು ಆಗುವುದಿಲ್ಲ. ಹೈಕೋರ್ಟಿಗೆ ರಿಟ್ (ಸರ್ಕಾರಿ ಸಂಸ್ಥೆಗಳ ಮೇಲೆ ನೇರವಾಗಿ ಹಾಕುವ ಅರ್ಜಿ) ಹಾಕಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಸಾವಾಗಿ, ಸಂಗತಿಯಲ್ಲಿ ತಕರಾರೇ ಇಲ್ಲದಿದ್ದಾಗ ಅದು ಚೆನ್ನಾಗಿ ನಡೆಯುತ್ತದೆ. ನಿಮ್ಮಲ್ಲಿ ಬ್ಯಾರಿಕೇಡ್ ಇತ್ತೋ ಇಲ್ಲವೋ ಅನ್ನೋದೇ ಜಗಳ, ‘ಸಿವಿಲ್ ಕೋರ್ಟಿಗೆ ಹೋಗಿ’ ಅಂತ ಕಳಿಸುವ ಸಾಧ್ಯತೆ ಜಾಸ್ತಿ.

ಗಡುವಿನ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ‘ಮೂರು ವರ್ಷ ಟೈಮ್ ಇದೆ’ ಅಂತ ಹೇಳುವವರಿದ್ದಾರೆ. ಕಾನೂನಿನ ಪ್ರಕಾರ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸಕ್ಕೆ ಪರಿಹಾರ ಕೇಳಲು ಒಂದೇ ವರ್ಷ ಅಂತ ಕಾಲಮಿತಿ ಕಾಯ್ದೆಯ 72ನೇ ವಿಧಿ ಹೇಳುತ್ತದೆ, ಸರ್ಕಾರಿ ಸಂಸ್ಥೆಗಳು ಮೊದಲು ತೆಗೆಯುವ ಅಸ್ತ್ರ ಅದೇ. ಸರ್ಕಾರದ ಮೇಲಿನ ದಾವೆಗೆ ಮೊದಲು ನೋಟಿಸ್ ಕೊಟ್ಟು ಎರಡು ತಿಂಗಳು ಕಾಯುವುದೂ ಇದೆ. ಹಾಗಾಗಿ ನನ್ನ ಲೆಕ್ಕ ಸರಳ. ಇನ್ನು ಎರಡು ಮೂರು ವಾರದಲ್ಲಿ ಮೂವರಿಗೂ ವಕೀಲರ ನೋಟಿಸ್ ಹೋಗಲಿ, ಅಪಘಾತ ಆದ ಆರು ತಿಂಗಳೊಳಗೆ ಕೇಸ್ ದಾಖಲಾಗಲಿ. ವಕೀಲರಿಗೆ ಕೊಡಲು ಕಷ್ಟ ಆದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಉಚಿತ ನಂಬರ್ ಅದು. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಆದರೆ ಇಲ್ಲಿ ಅರ್ಜಿದಾರ ನಿಮ್ಮ ತಮ್ಮ, ನೀವಲ್ಲ. ಅವನ ಆದಾಯದ ಮೇಲೆ ಕೇಳಬೇಕು.

ಎಷ್ಟು ಕೇಳೋದು? ಬಿಲ್ ಮೊತ್ತ ಮಾತ್ರ ಕೇಳಿ ಬರುವವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ದುಡಿಯದ ತಿಂಗಳುಗಳು, ನೋಡಿಕೊಂಡವರ ಖರ್ಚು, ಓಡಾಟ, ನೋವು, ರಾಡ್ ತೆಗೆಯುವ ಮುಂದಿನ ಆಪರೇಷನ್, ಇದೆಲ್ಲ ಬೇರೆ ಬೇರೆ ಬಾಬ್ತು. ಎಲ್ಲಕ್ಕಿಂತ ದೊಡ್ಡದು ಮುಂದಿನ ದುಡಿಮೆಯ ನಷ್ಟ. ಸಿವಿಲ್ ಕೋರ್ಟ್ ಕೂಡ ಇದಕ್ಕೆ ಆಕ್ಸಿಡೆಂಟ್ ಕೋರ್ಟಿನ ಲೆಕ್ಕವನ್ನೇ ಹಿಡಿದು ನೋಡುವುದುಂಟು. ಸುಪ್ರೀಂ ಕೋರ್ಟ್ 2009ರಲ್ಲಿ ಹಾಕಿಕೊಟ್ಟ ಪಟ್ಟಿಯಲ್ಲಿ 26ರಿಂದ 30 ವಯಸ್ಸಿಗೆ ಗುಣಕ 17. ನಿಮ್ಮ ತಮ್ಮನ ವರ್ಷದ ದುಡಿಮೆ 2,16,000. ಹದಿನೇಳರಿಂದ ಗುಣಿಸಿದರೆ 36,72,000. ಇದರಲ್ಲಿ ಎಷ್ಟು ಪಾಲು ಹೋಯಿತು ಅನ್ನೋದೇ ಪ್ರಶ್ನೆ.

ಮೂಳೆ ಡಾಕ್ಟರ್ ಪರೀಕ್ಷೆ ಮಾಡಿ ‘ಕಾಲಿಗೆ ಶೇಕಡ 30 ಊನ’ ಅಂತ ಬರೆದರು ಅಂದುಕೊಳ್ಳಿ. ನಮ್ಮ ಕಡೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತಾರೆ, ಅಂದರೆ ಶೇಕಡ 10. ಆಗ ಬರುವುದು 3,67,200. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 2010ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ನೋಡಬೇಕಾದ್ದು ಮೂಳೆಯ ಶೇಕಡಾವಾರು ಅಲ್ಲ, ಆ ಮನುಷ್ಯನ ದುಡಿಮೆಗೆ ಬಿದ್ದ ಪೆಟ್ಟು. ಕೂತು ಲೆಕ್ಕ ಬರೆಯುವವನಿಗೆ ಈ ಕಾಲಿನಿಂದ ಅಷ್ಟೇನೂ ತೊಂದರೆ ಇಲ್ಲ. ಎಲೆಕ್ಟ್ರಿಷಿಯನ್ ಏಣಿ ಹತ್ತಬೇಕು, ಏಣಿಯ ಮೇಲೆ ಒಂದು ಕಾಲಿನ ಮೇಲೆ ಭಾರ ಹಾಕಿ ಎರಡೂ ಕೈಯಲ್ಲಿ ವೈರ್ ಎಳೆಯಬೇಕು, ಕುಕ್ಕರಗಾಲಲ್ಲಿ ಕೂತು ಪಾಯಿಂಟ್ ಮಾಡಬೇಕು. ಅವನಿಗೆ ಅದೇ ಕಾಲಿನಿಂದ ದುಡಿಮೆಯ ನಾಲ್ಕನೇ ಒಂದು ಭಾಗ ಹೋಯಿತು ಅಂತ ತೋರಿಸಿದರೆ ಲೆಕ್ಕ 9,18,000. ಅದಕ್ಕೆ ಡಾಕ್ಟರ ಸರ್ಟಿಫಿಕೇಟ್ ಒಂದೇ ಸಾಲದು, ಅವನು ಮಾಡುತ್ತಿದ್ದ ಕೆಲಸ ಎಂಥದ್ದು ಅಂತ ಹೇಳಲು ಜೊತೆಯ ಕೆಲಸಗಾರನನ್ನು ಸಾಕ್ಷಿ ಹಾಕಿ. ಆದಾಯಕ್ಕೆ ಪಾಸ್‌ಬುಕ್, ಯುಪಿಐನಲ್ಲಿ ಬಂದ ಕೂಲಿ, ಎಲೆಕ್ಟ್ರಿಕಲ್ ಅಂಗಡಿಯವರ ಪತ್ರ, ಏನಿದೆಯೋ ಅದು.

ಎದುರಿನವರು ಹೆಲ್ಮೆಟ್ ಕೇಳುತ್ತಾರೆ, ಲೈಸೆನ್ಸ್ ಕೇಳುತ್ತಾರೆ, ಕುಡಿದಿದ್ದನಾ ಅಂತ ಕೇಳುತ್ತಾರೆ. ಕುಡಿದಿದ್ದರೆ ಈಗಲೇ ವಕೀಲರಿಗೆ ಹೇಳಿ, ಕೇಸ್ ಶೀಟಿನಲ್ಲಿ ವಾಸನೆಯ ಬಗ್ಗೆ ಒಂದು ಪದ ಇದ್ದರೂ ಪರಿಹಾರದಲ್ಲಿ ಒಂದು ಪಾಲು ಕಡಿಮೆಯಾಗಬಹುದು. ಹೆಲ್ಮೆಟ್ ಹಾಕಿರಲಿಲ್ಲ ಅನ್ನೋದಕ್ಕೂ ಮುರಿದ ಕಾಲಿಗೂ ಸಂಬಂಧ ಇಲ್ಲ. ನಿಯಮ ಮುರಿದದ್ದೇ ಬೇರೆ, ಅದರಿಂದಲೇ ಈ ಗಾಯ ಆಯಿತಾ ಅನ್ನೋದೇ ಬೇರೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಬೈಕಿನಲ್ಲಿ ಮೂವರು ಹೋಗಿದ್ದ ಕೇಸಿನಲ್ಲಿ ಹೇಳಿದೆ.

ಕೊನೆಗೆ ಒಂದು. ನೋಟಿಸ್ ತಲುಪಿದ ಕೆಲವು ದಿನಕ್ಕೆ ಕಂಟ್ರಾಕ್ಟರ್ ಕಡೆಯಿಂದ ಯಾರಾದರೂ ಮನೆಗೆ ಬರಬಹುದು. ಹಣ್ಣು ತರುತ್ತಾರೆ, ಒಳ್ಳೆಯ ಮಾತಾಡುತ್ತಾರೆ, ಐವತ್ತು ಸಾವಿರ ಕ್ಯಾಶ್ ಜೊತೆಗೆ ಒಂದು ಛಾಪಾ ಕಾಗದ ಇರುತ್ತದೆ. ಮನೆಯಲ್ಲಿ ಸಾಲ ಇರುವಾಗ ದುಡ್ಡು ಬೇಡ ಅನ್ನಿ ಅಂತ ನಾನು ಹೇಳಲಾರೆ. ಆದರೆ ‘ಇನ್ನು ಯಾವ ತಕರಾರೂ ಇಲ್ಲ’ ಅನ್ನುವ ಸಾಲು ಇರುವ ಕಾಗದಕ್ಕೆ ಸಹಿ ಹಾಕಬೇಡಿ. ಮೂಳೆ ಪೂರ್ತಿ ಕೂಡಿ, ಊನ ಎಷ್ಟು ಉಳಿಯಿತು ಅಂತ ತಿಳಿಯಲು ಇನ್ನೂ ಎಷ್ಟೋ ತಿಂಗಳು ಬೇಕು. ತೆಗೆದುಕೊಳ್ಳಲೇಬೇಕಾದರೆ ‘ಆಸ್ಪತ್ರೆ ಖರ್ಚಿನ ಬಾಬ್ತು ಇಷ್ಟು ಹಣ ಬಂದಿದೆ, ಉಳಿದ ಪರಿಹಾರ ಕೇಳುವ ಹಕ್ಕು ಬಿಟ್ಟುಕೊಟ್ಟಿಲ್ಲ’ ಅಂತ ನಿಮ್ಮ ತಮ್ಮನೇ ತನ್ನ ಕೈಯಲ್ಲಿ ಬರೆದು ಸಹಿ ಹಾಕಿದ ರಸೀದಿ ಕೊಡಲಿ. ಕೊಡುವ ಮೊದಲು ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.